ಡಾಟ್ಸನ್ ಕಾರಿನ ಹಗ್ಗ

ಗುತ್ಯಪ್ಪ ಕಾರಿನ ಸುತ್ತ ಒಂದು ಸುತ್ತು ಬಂದ. ಕೋಲಿನ ತುದಿಯಿಂದ ಹಿಂದಿನ ಟೈರನ್ನು ಕುಟ್ಟಿದ, ಕಿಟಕಿಯಲ್ಲಿ ತಲೆ ತೂರಿಸಿ ಒಳಗೆಲ್ಲ ಕಣ್ಣಾಡಿಸಿದ. ಆಮೇಲೆ ತಲೆ ಹೊರಗೆಳೆದುಕೊಂಡು, "ಇದು ಆ ಗಾಡಿ ಅಲ್ಲಲೇ ಶಿವಯೋಗಿ," ಅಂದವನೇ ಗ್ಯಾರೇಜಿನ ಬಾಗಿಲಲ್ಲಿದ್ದ ತನ್ನ ಕುರ್ಚಿಗೆ ಹೋಗಿ ಕುಳಿತುಬಿಟ್ಟ.

ಶಿವಯೋಗಿಗೆ ಅಳು ಬರುವುದೊಂದು ಬಾಕಿ. ಶಿಕಾರಿಪುರದ ಅರ್ಧ ಊರಿನ ಗಾಡಿಗಳ ಹೊಟ್ಟೆ ಬಿಚ್ಚಿ ಮುಚ್ಚಿದ ಮೇಸ್ತ್ರಿ, ಅಪ್ಪನ ಒಂದು ಮಾತಿಗೆ ಬೈಸಿಕೊಂಡ ಶಾಲೆ ಹುಡುಗನ ಹಾಗೆ ನಿಂತಿದ್ದ.

"ಎಂಜಿನ್ ನಂಬರ್ ಅದೇ, ಚಾಸಿಸ್ ನಂಬರ್ ಅದೇ, ಹಳೇ ಆರ್‌ಸಿ ಪುಸ್ತಕದಾಗೆ ಇರೋದೂ ಅದೇ. ಇನ್ನೇನು ಬೇಕಪ್ಪಾ ನಿಂಗೆ?"

"ನಂಬರ್ ನೋಡಾಕೆ ನಾನೇನು ಆರ್‌ಟಿಒ ಸಾಹೇಬನಾ? ಉಡುತಡಿ ಉಜ್ಜಪ್ಪ ತನ್ನ ಕುರೀನ ನಂಬರ್ ನೋಡಿ ಗುರ್ತು ಹಿಡಿತಾನಾ? ಅಲ್ಲ ಅಂದ್ರೆ ಅಲ್ಲ."

ಈ ಕಾರು ಶಿಕಾರಿಪುರಕ್ಕೆ ಬಂದದ್ದೇ ಒಂದು ತಮಾಷೆ. ಜಪಾನಿನ ಡಾಟ್ಸನ್, ಎಪ್ಪತ್ತೊಂದರ ಸ್ಪೋರ್ಟ್ಸ್ ಕಾರು, ಉದ್ದ ಮೂತಿ, ನಿಂಬೆಹಣ್ಣಿನ ಬಣ್ಣ. ಯಾವುದೋ ವಿದೇಶಿ ಕಚೇರಿಯ ಸಾಹೇಬ ಬಿಟ್ಟುಹೋದ ಅದನ್ನು ಅಕ್ಕಿ ಗಿರಣಿಯ ಸಾಹುಕಾರರು ಬೊಂಬಾಯಿಯ ಹರಾಜಿನಲ್ಲಿ ಹಿಡಿದು ತಂದರು. ತಂದ ಮೇಲೆ ಗೊತ್ತಾಯಿತು, ಅವರ ಹೊಟ್ಟೆಗೂ ಸ್ಟೇರಿಂಗಿಗೂ ಒಂದೇ ಜಾಗದಲ್ಲಿ ಸಂಸಾರ ಮಾಡಲು ಆಗುವುದಿಲ್ಲ ಅಂತ. ಹಾಗಾಗಿ ಗಿರಣಿಯ ಜೀಪು ಓಡಿಸುತ್ತಿದ್ದ ಗುತ್ಯಪ್ಪನೇ ಇದಕ್ಕೂ ಡ್ರೈವರಾದ. ಇದ್ದದ್ದು ಎರಡೇ ಸೀಟು. ಒಂದರಲ್ಲಿ ಗುತ್ಯಪ್ಪ, ಇನ್ನೊಂದರಲ್ಲಿ ಸಾಹುಕಾರರು. ಸಾಹುಕಾರರ ಹೆಂಡತಿಗೇ ಜಾಗವಿಲ್ಲದ ಮೇಲೆ ಡ್ರೈವರನ ಮಗನಿಗೆಲ್ಲಿ ಬರಬೇಕು?

ಆಗ ಗುತ್ಯಪ್ಪನ ಮನೆ ತಾಳಗುಂದದಲ್ಲಿತ್ತು. ಶಿರಾಳಕೊಪ್ಪದ ಸಂತೆಗೆ ಸಾಹುಕಾರರು ಹೊರಟರೆಂದರೆ ಪುಟ್ಟ ಶಿವಯೋಗಿ ಗದ್ದೆಯ ಬದುವಿನಿಂದ ರಸ್ತೆಗೆ ಓಡಿ ಬಂದು ನಿಲ್ಲುತ್ತಿದ್ದ. ಕಾರು ನಿಲ್ಲುತ್ತಿರಲಿಲ್ಲ. ಅವನ ಹತ್ತಿರ ಬಂದಾಗ ಅಪ್ಪ ಎರಡು ಸಲ ಹಾರ್ನ್ ಒತ್ತುತ್ತಿದ್ದ, ಅಷ್ಟೇ. ಆ ಎರಡು ಸದ್ದು ಕೇಳಿ ಅವನು ದಿನವಿಡೀ ಕುಣಿಯುತ್ತಿದ್ದ. ರಾತ್ರಿ ಮಾತ್ರ ಕಂಬಳಿಯೊಳಗೆ ಮುಖ ಹುದುಗಿಸಿಕೊಂಡು, ಒಂದೇ ಒಂದು ಸಲ ಅಪ್ಪನ ಪಕ್ಕದಲ್ಲಿ ಕೂರಬೇಕು ಅಂದುಕೊಳ್ಳುತ್ತಿದ್ದ. ಆ ಆಸೆ ಈಡೇರುವ ಮೊದಲೇ ಕಾರು ಮಾರಾಟವಾಯಿತು. ಶಿವಯೋಗಿ ದೊಡ್ಡವನಾದ, ಗ್ಯಾರೇಜು ಹಾಕಿದ, ತಲೆ ನೆರೆಯಿತು, ಆಸೆ ಮಾತ್ರ ಹಾಗೇ ಉಳಿಯಿತು.

ಕಾರು ಕೈಯಿಂದ ಕೈಗೆ ದಾಟಿ ಕೊನೆಗೆ ಉಡುತಡಿಯ ಉಜ್ಜಪ್ಪನ ಕುರಿ ದೊಡ್ಡಿಯಲ್ಲಿ ನಿಂತಿದೆ ಎಂದು ತಿಳಿದ ದಿನ ಅವನು ಊಟ ಬಿಟ್ಟು ಓಡಿದ್ದ. ಕೊಂಡು ತಂದು, ಎಂಜಿನ್ ಎಬ್ಬಿಸಿ, ತಗಡು ಬಡಿದು, ಬಣ್ಣ ಬಳಿದು ನಿಲ್ಲಿಸಿದ. ಅವನಿಗೆ ಬೇಕಾದದ್ದು ಒಂದೇ: ಅಪ್ಪ ಸ್ಟೇರಿಂಗ್ ಹಿಡಿದು ಕೂರಬೇಕು, ತಾನು ಪಕ್ಕದಲ್ಲಿ ಕೂರಬೇಕು. ಅಪ್ಪನಿಗೆ ಎಂಬತ್ತು ದಾಟಿತ್ತು. ಕೋಲಿಲ್ಲದೆ ಅಂಗಳ ದಾಟುತ್ತಿರಲಿಲ್ಲ. ಕಾಯಲು ಬಹಳ ಕಾಲವಿರಲಿಲ್ಲ. ಮುದುಕ ನೋಡಿದರೆ ಕಾರನ್ನೇ ಒಪ್ಪುತ್ತಿಲ್ಲ.

"ಬಿಡ್ರೀ, ಮಾವನಿಗೆ ಕಣ್ಣು ಮಂಜಾಗ್ಯಾವೆ," ಅಂದಳು ಹೆಂಡತಿ ರೋಜಾ.

"ಕಣ್ಣು ಮಂಜಾಗಿದ್ರೆ ನಿನ್ನ ಸಾರಿನಾಗೆ ಉಪ್ಪು ಕಮ್ಮಿ ಅಂತ ನೋಡಿದ ಕೂಡ್ಲೇ ಹೆಂಗೆ ಹೇಳ್ತಾನೆ? ಅವನಿಗೆ ಏನೋ ಕಾಣಿಸೈತಿ. ಹೇಳ್ತಿಲ್ಲ ಅಷ್ಟೇ."

ಅಲ್ಲಿಗೆ ಶಿವಯೋಗಿಯ ತಲೆಗೆ ಹುಳ ಹೊಕ್ಕಿತು. ಆ ಕಾರಿನಲ್ಲಿ ಆ ಕಾರಿನದ್ದಲ್ಲದ್ದು ಏನೇನಿದೆ ಎಂದು ಅವನು ಸೂಜಿ ಹುಡುಕುವವನ ಹಾಗೆ ಹುಡುಕಲು ಕೂತ.

ಮೊದಲು ಹಿಡಿದದ್ದು ಸ್ಕ್ರೂಗಳನ್ನು. ಮೊಬೈಲಿನಲ್ಲಿ ಜಪಾನಿನ ಮುದುಕನೊಬ್ಬ ಹಳೇ ಕಾರು ಬಿಚ್ಚುವ ವಿಡಿಯೋಗಳಿದ್ದವು. ಅವನ ಮಾತು ಒಂದಕ್ಷರ ಅರ್ಥವಾಗದಿದ್ದರೂ ಅವನ ಕೈ ಚೆನ್ನಾಗಿ ಅರ್ಥವಾಗುತ್ತಿತ್ತು. ಅವನು ಪ್ರತಿ ಸ್ಕ್ರೂವಿನ ತಲೆಯನ್ನೂ ಒರೆಸಿ ಕ್ಯಾಮೆರಾಕ್ಕೆ ಹಿಡಿಯುತ್ತಿದ್ದ. ನೋಡಲು ನಮ್ಮ ಸ್ಟಾರ್ ಸ್ಕ್ರೂ ಇದ್ದ ಹಾಗೇ ಇರುತ್ತದೆ, ಆದರೆ ತಲೆಯ ಮೂಲೆಯಲ್ಲಿ ಸೂಜಿಯಿಂದ ಚುಚ್ಚಿದಂಥ ಒಂದು ಚುಕ್ಕಿ. ಅದು ಜಪಾನಿನ ಅಳತೆಯ ಸ್ಕ್ರೂ ಎಂಬ ಗುರುತು. ಇಲ್ಲಿನ ಸ್ಟಾರ್ ಡ್ರೈವರ್ ಹಾಕಿ ತಿರುಗಿಸಿದರೆ ಜಾರಿ ತಲೆ ಕೆಡಿಸುತ್ತದೆ. ಇಷ್ಟು ವರ್ಷ ಎಷ್ಟೋ ಜಪಾನೀ ಬೈಕುಗಳ ಸ್ಕ್ರೂ ಜಾರಿದಾಗ ಅವುಗಳ ತಾಯಿ ತಂದೆಯನ್ನು ನೆನೆದಿದ್ದ ಶಿವಯೋಗಿ, ಆ ದಿನ ಮನಸ್ಸಿನಲ್ಲೇ ಎಲ್ಲ ಸ್ಕ್ರೂಗಳ ಕ್ಷಮೆ ಕೇಳಿದ.

ಟಾರ್ಚು ಹಿಡಿದು ಕಾರಿನ ಕೆಳಗೆ ಮಲಗಿದ, ಸೀಟಿನಡಿ ನುಗ್ಗಿದ, ಡ್ಯಾಷ್‌ಬೋರ್ಡಿನ ಹಿಂದೆ ಕನ್ನಡಿ ತೂರಿಸಿ ನೋಡಿದ. ಎಲ್ಲೆಲ್ಲೂ ಚುಕ್ಕಿ! ಕಿಟಕಿಯ ಗಾಜಿನ ಮೂಲೆಯಲ್ಲಿ ಅದು ತಯಾರಾದ ಕಾಲದ ಗುರುತು, ಸೀಟ್ ಬೆಲ್ಟಿನ ಬುಡದಲ್ಲಿ ಇಸವಿ ತಿಂಗಳಿನ ಚೀಟಿ, ಎಲ್ಲ ಎಪ್ಪತ್ತೊಂದಕ್ಕೇ ತಾಳೆಯಾಗುತ್ತಿದ್ದವು. ತೂತು ಬಿದ್ದ ಸೈಲೆನ್ಸರು ಕೂಡ ಹುಟ್ಟಿನಿಂದ ಬಂದದ್ದೇ. ನೋಡುತ್ತಾ ಹೋದ ಹಾಗೆ ಶಿವಯೋಗಿಗೆ ಹಸಿವು ನಿದ್ದೆ ಮರೆತುಹೋಯಿತು.

ಕೊನೆಗೆ ಅನ್ಯರ ಮನೆಯಿಂದ ಬಂದವು ಅಂತ ಸಿಕ್ಕಿದ್ದು ನಾಲ್ಕೇ ನಾಲ್ಕು. ಗಡಿಯಾರವಿರಬೇಕಾದ ಜಾಗದಲ್ಲಿ ಅಂಬಾಸಿಡರಿನ ಮೀಟರು. ಬಲಗಡೆಯ ಕನ್ನಡಿಯ ಜಾಗದಲ್ಲಿ ಟ್ರ್ಯಾಕ್ಟರಿನ ಕನ್ನಡಿ. ಹಿಂದಿನ ಒಂದು ಚಕ್ರಕ್ಕೆ ಯಾವುದೋ ಫಿಯೆಟ್ಟಿನ ವೀಲ್ ಕ್ಯಾಪು. ಮತ್ತು ಗೇರ್ ರಾಡಿನ ತಲೆಯ ಮೇಲೆ ಜೀಪಿನ ಕರಿ ಗುಂಡು. ವಿಡಿಯೋದ ಕಾರಿನಲ್ಲಿ ಅಲ್ಲಿ ಮರದ ಗುಂಡಿತ್ತು.

"ವಿಚಿತ್ರ ನೋಡೇ," ಎಂದು ಅವನು ರೋಜಾಳನ್ನು ಕರೆದು ತೋರಿಸಿದ. "ಕೆಟ್ಟು ಹೋಗೋ ಸಾಮಾನು ಯಾವ್ದೂ ಬದ್ಲಾಗಿಲ್ಲ. ಕೆಡದೇ ಇರೋವು ನಾಲ್ಕು ಬದ್ಲಾಗ್ಯಾವೆ. ನಾಲ್ಕು ವೀಲ್ ಕ್ಯಾಪಿನಾಗೆ ಒಂದೇ ಕಳೆದೈತಿ. ಕಳ್ಳ ಆದ್ರೆ ನಾಲ್ಕೂ ಒಯ್ತಿದ್ದ. ಗಡಿಯಾರ ತೆಗೆದೋನು ವೈರಿಗೆ ಎಷ್ಟು ಚೆಂದ ಟೇಪ್ ಸುತ್ಯಾನೆ ನೋಡು, ಮಗೂಗೆ ಕಟ್ಟು ಕಟ್ಟಿದಂಗೆ."

"ಕೇಳಿದ್ರಾತು ಬಿಡ್ರೀ. ಉಜ್ಜಪ್ಪಣ್ಣ ಎಲ್ಲಿಗೋಗ್ಯಾನೆ?"

ಉಡುತಡಿಯಲ್ಲಿ ಉಜ್ಜಪ್ಪ ಕುರಿ ಮೇಯಿಸಿಕೊಂಡು ಆಗಷ್ಟೇ ಬಂದಿದ್ದ. ಶಿವಯೋಗಿ ಬೈಕು ನಿಲ್ಲಿಸಿ ತಲೆ ಎತ್ತಿದರೆ ದೊಡ್ಡಿಯ ಬಾಗಿಲ ಮೇಲೆ, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಕಳೆದುಹೋದ ವೀಲ್ ಕ್ಯಾಪು ಫಳಫಳ ಹೊಳೆಯುತ್ತಿತ್ತು.

"ಉಜ್ಜಪ್ಪಣ್ಣಾ! ಇದು ನನ್ ಗಾಡೀದಲ್ಲ?"

ಉಜ್ಜಪ್ಪನಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. "ನಿನ್ ಗಾಡೀದು ಅಂದ್ರೆ? ಗಾಡಿ ಕೊಟ್ಟೀನಿ. ಹಗ್ಗ ಕೊಡ್ತಾರೇನೋ ಮಾರಾಯ? ನೀನು ಯಾವೂರಾಗೆ ಹುಟ್ಟಿದೋನು?"

ಶಿವಯೋಗಿಗೆ ಹೊಳೆಯಿತು. ಎತ್ತು ಮಾರಿದವನು ಎತ್ತನ್ನು ಕೊಡುತ್ತಾನೆ, ಅದರ ಕೊರಳ ಹಗ್ಗ ಕೊಡುವುದಿಲ್ಲ. ಬಿಚ್ಚಿ ಕೊಟ್ಟಿಗೆಯ ಗೂಟಕ್ಕೆ ಹಾಕುತ್ತಾನೆ. ಕೊಟ್ಟಿಗೆಯ ಲಕ್ಷ್ಮಿ ಎತ್ತಿನ ಹಿಂದೆ ಹೋಗದಿರಲಿ ಅಂತ. ಕೊಂಡವನು ತನ್ನ ಹಗ್ಗ ತಾನೇ ತಂದು ಕಟ್ಟಿಕೊಂಡು ಹೋಗಬೇಕು. ಕಾರಿಗೆ ಕೊರಳೂ ಇಲ್ಲ, ಹಗ್ಗವೂ ಇಲ್ಲ. ಉಜ್ಜಪ್ಪ ಒಂದು ವೀಲ್ ಕ್ಯಾಪು ಬಿಚ್ಚಿಕೊಂಡಿದ್ದ. ಬರಿಗೊರಳಲ್ಲಿ ಕಳಿಸಬಾರದೆಂದು ಶಿರಾಳಕೊಪ್ಪದ ಗುಜರಿಯಿಂದ ಫಿಯೆಟ್ಟಿನದು ತಂದು ಹಾಕಿಯೂ ಕಳಿಸಿದ್ದ.

ಬರಿಗೈಯಲ್ಲಿ ಬಂದ ಗಂಡನ ಕಥೆ ಕೇಳಿ ರೋಜಾ ಬಿದ್ದು ಬಿದ್ದು ನಕ್ಕಳು. ಅವಳೂ ಕುರಿ ಸಾಕುವವರ ಮನೆಯ ಮಗಳೇ. "ನೀವು ಹಗ್ಗ ಕೊಡು ಅಂದ್ರೆ ಯಾರು ಕೊಡ್ತಾರೆ? ಅವನು ತನ್ನ ಕೈಯ್ಯಾರೆ ತಂದು ಹಾಕಿದ್ದು ಆ ಫಿಯೆಟ್ಟಿಂದು. ಇಷ್ಟು ದಿನ ಗಾಡಿ ಮೇಲೇ ಇತ್ತು. ಅದೂ ಹಗ್ಗಾನೇ. ಅದನ್ನ ಕೊಟ್ಟು ಇದನ್ನ ಕೇಳಿ. ಅವನ ಗೂಟ ಖಾಲಿ ಆಗಬಾರ್ದು, ಅಷ್ಟೇ."

ಶಿವಯೋಗಿ ಮಾರನೇ ದಿನ ಫಿಯೆಟ್ಟಿನ ಕ್ಯಾಪನ್ನು ತಿಕ್ಕಿ ಹೊಳಪು ಮಾಡಿ, ತಟ್ಟೆಯಲ್ಲಿ ಎಲೆ ಅಡಿಕೆಯ ಜೊತೆ ಇಟ್ಟುಕೊಂಡು ಹೋದ. ಉಜ್ಜಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಬಾಗಿಲ ಮೇಲೆ ಅದನ್ನು ಕಟ್ಟಿ, ಇದನ್ನು ಬಿಚ್ಚಿ ಕೊಟ್ಟ. "ಈಗ ಕೇಳೋ ಹಂಗೆ ಕೇಳ್ದೆ ನೋಡು," ಅಂದ.

ಗ್ಯಾರೇಜಿಗೆ ಬಂದು ಕ್ಯಾಪು ಕೂರಿಸುವಾಗ ಬಾಗಿಲಿಂದ ಗುತ್ಯಪ್ಪನ ದನಿ ಕೇಳಿತು. "ಎಲ್ಲಿಂದ ತಂದ್ಯೋ ಅದನ್ನ? ಮಂದಿ ಮನೆ ಗೂಟ ಬರಿದು ಮಾಡಿ ಬಂದ್ಯೇನು?"

"ಇಲ್ಲಪ್ಪಾ. ಅವನದು ಅವನಿಗೆ ಕೊಟ್ಟೇ ತಂದೀನಿ."

ಮುದುಕ ಕೋಲಿನ ತಲೆಯ ಮೇಲೆ ಎರಡೂ ಕೈಯಿಟ್ಟು ರಸ್ತೆ ನೋಡುತ್ತಾ ಕೂತ. "ಈಗಾದ್ರೂ ಅದೇ ಗಾಡಿ ಹೌದೋ ಅಲ್ಲೋ?" ಎಂದು ಮಗ ಕೇಳಿದ್ದಕ್ಕೆ, "ಅಲ್ಲ," ಅಂದ. ಆದರೆ ದನಿ ಮೊದಲಿನಷ್ಟು ಗಡುಸಾಗಿರಲಿಲ್ಲ.

ಉಜ್ಜಪ್ಪನಿಗೆ ಕಾರು ಕೊಟ್ಟವನು ಶಿರಾಳಕೊಪ್ಪದ ಬೀಜ ಗೊಬ್ಬರದ ಅಂಗಡಿಯ ತೀರ್ಥೇಶ್. ಅವನ ಹಿತ್ತಿಲಲ್ಲಿ, ಬಚ್ಚಲ ಪಕ್ಕದ ಗೋಡೆಯ ಮೇಲೆ ಕನ್ನಡಿ ಸಿಕ್ಕಿತು. ದಿನಾ ಅದರಲ್ಲೇ ಮುಖ ನೋಡಿಕೊಂಡು ಗಡ್ಡ ಹೆರೆಯುತ್ತಿದ್ದನಂತೆ. ಟ್ರ್ಯಾಕ್ಟರಿನ ಕನ್ನಡಿ ಕೈಗೆ ಬಂದ ಮೇಲೆ, "ಇದರಾಗೆ ಮುಖ ಇನ್ನಷ್ಟು ಅಗಲ ಕಾಣ್ತೈತಲ್ರೀ!" ಎಂದು ಖುಷಿಪಟ್ಟ. ಈ ಮನುಷ್ಯರು ಕಾರಿನ ಮೇಲಿನ ಪ್ರೀತಿಗೆ ಅದರ ಒಂದೊಂದು ಅಂಗ ಇಟ್ಟುಕೊಂಡಿದ್ದಾರೆ ಅನ್ನಿಸಿ ಶಿವಯೋಗಿಗೆ ಅವರ ಮೇಲೆ ಅಕ್ಕರೆ ಉಕ್ಕಿತು. ಇಷ್ಟು ದಿನ ಅವರನ್ನೆಲ್ಲ ಗುಜರಿಯವರು ಅಂತ ಬೈಯುತ್ತಿದ್ದ.

ತೀರ್ಥೇಶನಿಗಿಂತ ಮೊದಲು ಕಾರು ಇದ್ದದ್ದು ಸೊರಬದಲ್ಲಿ, ಲೋಕೇಶ ಎನ್ನುವವನ ಅಪ್ಪನ ಹತ್ತಿರ. ಸಾಹುಕಾರರಿಂದ ಕೊಂಡ ಮೊದಲ ಮನುಷ್ಯ ಅವರೇ. ಅವರು ತೀರಿಕೊಂಡಿದ್ದರು. ಗಡಿಯಾರ ಮಾತ್ರ ದೇವರ ಗೂಡಿನ ಕೆಳಗಿನ ಮೊಳೆಗೆ ನೇತುಬಿದ್ದಿತ್ತು, ನಡೆಯದೆ.

ಲೋಕೇಶ ಗಡಿಯಾರ ಬಿಚ್ಚಿ ಕೈಗಿಡುತ್ತಾ ಅಂದ, "ತಗಳಿ ಮಾರಾಯ್ರೆ. ಅಪ್ಪಯ್ಯ ಇದ್ದಿದ್ರೆ ಕೊಡ್ತಿರ್ಲಿಲ್ಲ. ಮೀಟರ್ ತಂದು ಕೊಟ್ರಲ, ಹಂಗಾಗಿ ನಂಗೂ ಎಂತ ಬೇಜಾರಿಲ್ಲ."

"ಗೇರಿನ ಮರದ ಗುಂಡೂ ನಿಮ್ಮಲ್ಲೇ ಇರಬೇಕಲ್ರೀ?"

"ಮರದ್ದಾ? ಇಲ್ಲಪ. ನಾನು ಸಣ್ಣೋನಿದ್ದಾಗಿಂದ ನೋಡಿದೀನಿ, ಅದು ಕರೀದೇ. ಗಾಡಿ ನಮ್ಮನೆಗೆ ಬರುವಾಗಲೇ ಕರೀದಿತ್ತು."

ಬಸ್ಸಿನಲ್ಲಿ ವಾಪಸು ಬರುವಾಗ ಶಿವಯೋಗಿ ಗಡಿಯಾರವನ್ನು ಮಡಿಲಲ್ಲಿಟ್ಟುಕೊಂಡು ಲೆಕ್ಕ ಹಾಕಿದ. ಉಜ್ಜಪ್ಪನದು ಕ್ಯಾಪು, ತೀರ್ಥೇಶನದು ಕನ್ನಡಿ, ಲೋಕೇಶನ ಅಪ್ಪನದು ಗಡಿಯಾರ. ಒಬ್ಬೊಬ್ಬರಿಗೆ ಒಂದೊಂದು ಹಗ್ಗ. ಹಾಗಾದರೆ ಗುಂಡು ಸಾಹುಕಾರರ ಹಗ್ಗ. ಮನೆ ಸೇರಿದವನೇ ಅವರ ಮಗಳು ಶಶಿರೇಖಾ ಅವರಿಗೆ ಫೋನು ಹಚ್ಚಿದ. ಮದುವೆಯಾಗಿ ದಾವಣಗೆರೆ ಸೇರಿದ್ದ ಅವರು ಕಥೆಯೆಲ್ಲ ಕೇಳಿ ನಕ್ಕರು.

"ನಮ್ಮಪ್ಪಾಜಿಗೆ ಎತ್ತು ಅಂದ್ರೆ ಗಾಡಿ ಮುಂದೆ ಕಟ್ತಾರೋ ಹಿಂದೆ ಕಟ್ತಾರೋ ಅದೂ ಗೊತ್ತಿರ್ಲಿಲ್ಲ ಶಿವಯೋಗಿಯವರೇ. ಅವರೆಲ್ಲಿ ಹಗ್ಗ ಇಟ್ಕೊಳ್ತಾರೆ? ಗಾಡಿ ಕೊಟ್ಟ ದಿನ ಅವರು ಹೊರಗೇ ಬರ್ಲಿಲ್ಲ. ಕಳಿಸಿ ಕೊಟ್ಟಿದ್ದೆಲ್ಲ ನಿಮ್ಮ ತಂದೆನೇ. ಜೀಪು ಮಾತ್ರ ಆಮೇಲೂ ಸುಮಾರು ದಿನ ನಮ್ಮಲ್ಲೇ ಇತ್ತು, ಗೇರಿನ ತಲೆ ಬೋಳು ಮಾಡ್ಕೊಂಡು. ಹಿಡಿದ್ರೆ ಕೈ ಚುಚ್ತದೆ ಅಂತ ಅಪ್ಪಾಜಿ ಬೈತಿದ್ರು."

ಶಿವಯೋಗಿ ಫೋನು ಕೆಳಗಿಟ್ಟ. ಜೀಪಿನ ತಲೆ ಬೋಳಾಗಿತ್ತು, ಅಂದರೆ ಅದರ ಕರಿ ಗುಂಡು ಡಾಟ್ಸನ್ನಿಗೆ ಬಂದಿತ್ತು. ಮರದ ಗುಂಡು ಸಾಹುಕಾರರು ತೆಗೆದುಕೊಂಡಿಲ್ಲ, ಕೊಂಡವರಿಗೆ ಸಿಕ್ಕಿಲ್ಲ.

"ಯಜಮಾನ ಕೊಟ್ಟಿಗೆ ಕಡೆ ತಲೆನೇ ಹಾಕಲ್ಲ ಅನ್ನು," ಅವನು ರೋಜಾಳನ್ನು ಕೇಳಿದ. "ಎತ್ತು ಮಾರ್ತಾನೆ. ಹಗ್ಗ ಯಾರಿಗೆ?"

ರೋಜಾ ರೊಟ್ಟಿ ತಟ್ಟುತ್ತಿದ್ದಳು. ತಲೆ ಎತ್ತದೇ ಹೇಳಿದಳು. "ನಮ್ಮ ಕಡೆ ಮೇಯಿಸಿದೋನಿಗೆ. ದಿನಾ ಮೈ ತೊಳ್ದು, ಹುಲ್ಲು ಹಾಕಿ, ಕೊನೇಗೆ ಕೊರಳಿಂದ ಬಿಚ್ಚಿ ಕಳಿಸೋನು ಅವನಲ್ಲ? ಅವನ ಕೈಯಾಗೇ ಉಳಿತೈತಿ."

ಹೇಳಿ ಮುಗಿಸಿದ ಮೇಲೆ ಅವಳ ಕೈ ನಿಂತಿತು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಇಬ್ಬರೂ ಕಿಟಕಿಯಾಚೆ ನೋಡಿದರು.

ಗ್ಯಾರೇಜಿನ ಬಾಗಿಲಲ್ಲಿ, ಸಂಜೆ ಬಿಸಿಲಿನಲ್ಲಿ ಗುತ್ಯಪ್ಪ ಕೂತಿದ್ದ. ಗದ್ದವನ್ನು ಕೋಲಿನ ಮೇಲಿಟ್ಟ ಕೈಗೆ ಆನಿಸಿದ್ದ. ಆ ಕೈಯ ಕೆಳಗೆ ಕೋಲಿನ ತಲೆ. ದುಂಡಗಿನ ಮರದ ತಲೆ. ಎಣ್ಣೆ ಕುಡಿದು, ಅಂಗೈಯ ಬೆವರು ಕುಡಿದು ಜೇನಿನ ಬಣ್ಣಕ್ಕೆ ತಿರುಗಿತ್ತು. ಎಷ್ಟೋ ವರ್ಷದಿಂದ ಶಿವಯೋಗಿ ಆ ಕೋಲನ್ನು ಮಂಚದಿಂದ ಎತ್ತಿ ಕೊಟ್ಟಿದ್ದಾನೆ, ಬಿದ್ದಾಗ ಹುಡುಕಿ ಕೊಟ್ಟಿದ್ದಾನೆ. ಸ್ಕ್ರೂವಿನ ತಲೆಯ ಚುಕ್ಕಿ ಕಂಡ ಕಣ್ಣಿಗೆ ಅಪ್ಪನ ಕೈಯೊಳಗಿನದು ಒಂದು ದಿನವೂ ಕಂಡಿರಲಿಲ್ಲ.

ಎದ್ದು ಹೋಗಿ ಕಸಿದುಕೊಳ್ಳಬೇಕು ಅನ್ನಿಸಿತು ಅವನಿಗೆ, ಸುಳ್ಳು ಯಾಕೆ. ಆಮೇಲೆ ಉಜ್ಜಪ್ಪನ ಸಿಟ್ಟು ನೆನಪಾಯಿತು. ಹಗ್ಗ ಕೇಳುವ ರೀತಿ ಬೇರೆ. ಅವನು ಜೀಪಿನ ಕರಿ ಗುಂಡನ್ನು ಬಿಚ್ಚಿ, ಅಂಗಿಯ ಚುಂಗಿನಿಂದ ಒರೆಸಿ, ಕೈಯಲ್ಲಿ ಹಿಡಿದುಕೊಂಡು ಅಪ್ಪನ ಕಾಲ ಬಳಿ ನೆಲದ ಮೇಲೆ ಕೂತ.

"ಅಪ್ಪಾ, ಒಂದು ಮಾತು ಕೇಳ್ತೀನಿ. ಮಾರಿದ ಎತ್ತು ತಿರುಗಿ ಅದೇ ಕೊಟ್ಟಿಗೆಗೆ ಬಂದ್ರೆ, ಗೂಟದಾಗಿರೋ ಹಗ್ಗ ಏನು ಮಾಡ್ತಾರೆ?"

ಗುತ್ಯಪ್ಪ ಕರಿ ಗುಂಡನ್ನು ನೋಡಿದ.

"ಅದೇ ಕೊಟ್ಟಿಗೆ ಅಂತ ಯಾರು ಹೇಳಿದ್ರು?" ಅಂದ. "ಅದು ಸಾಹುಕಾರ್ರ ಗಾಡಿ. ನಾನು ಡ್ರೈವರು. ಕೊಟ್ಟು ಕಳಿಸೋ ದಿನ ಅವರೇ ಅಂದ್ರು, ನಂಗೆ ನೋಡಾಕಾಗಲ್ಲ ಗುತ್ಯಪ್ಪ, ನೀನೇ ಕಳಿಸು, ನೆನಪಿಗೆ ಏನಾದ್ರೂ ಬೇಕಾದ್ರೆ ಇಟ್ಕೋ ಅಂತ. ದಿನಾ ಕೈ ಇಟ್ಟ ಜಾಗ ಅದು. ಅದನ್ನೇ ಬಿಚ್ಕೊಂಡೆ. ಪೆಟ್ಟಿಗೆಯಾಗೆ ಇಟ್ಟಿದ್ದೆ. ಮಂಡಿ ಹೋದ ಮೇಲೆ ಕೋಲಿಗೆ ಹಾಕ್ಕೊಂಡೆ. ನೀನು ಗ್ಯಾರೇಜು ಹಾಕ್ದೆ, ಮನೆ ಕಟ್ಟಿದೆ, ರೋಜಾ ಬಂದ್ಲು. ಎಲ್ಲಾ ಇದರಿಂದ್ಲೇ ಅಂತ ನನ್ ಲೆಕ್ಕ. ನೀನು ಗಾಡಿ ತಂದು ನಿಲ್ಲಿಸಿದಾಗ ಎದೆ ಝಲ್ ಅಂತು. ಇವನು ಹಗ್ಗ ಕೇಳ್ತಾನೆ, ಕೊಟ್ರೆ ಮನೆ ಲಕ್ಷ್ಮೀನೂ ಎದ್ದು ಹೋಗ್ತಾಳೆ ಅಂತ. ಅದಕ್ಕೇ ಅಲ್ಲ ಅಂದೆ."

"ಎಲ್ಲಿಗೆ ಹೋಗ್ತಾಳಪ್ಪಾ? ಗಾಡಿ ಇಲ್ಲೇ ಐತಿ. ನಿನ್ನ ಮನೆಯಾಗೇ."

"ನನ್ ಮನೆಯಾಗೆ," ಎಂದ ಮುದುಕ. ಆ ಮಾತನ್ನು ಬಾಯಲ್ಲಿ ಹಾಕಿಕೊಂಡು ರುಚಿ ನೋಡುವವನ ಹಾಗೆ ಮತ್ತೊಮ್ಮೆ ಅಂದ. ಆಮೇಲೆ ಕೋಲನ್ನು ಮಗನ ಕಡೆ ಚಾಚಿದ. "ತಿರುಗಿಸು. ನನ್ ಬೆರಳಿಗೆ ಶಕ್ತಿ ಇಲ್ಲ. ಎಡಕ್ಕೆ."

ಕೋಲಿನ ತಲೆಗೆ ಹೂತಿಟ್ಟಿದ್ದ ಬೋಲ್ಟಿನಿಂದ ಗುಂಡು ಕಿರ್ ಎನ್ನುತ್ತಾ ಬಿಚ್ಚಿಕೊಂಡಿತು. ಬೆಳಕಿಗೆ ಹಿಡಿದರೆ ನೆತ್ತಿಯ ಮೇಲೆ ಗೇರಿನ ನಕ್ಷೆಯ ಗೆರೆಗಳು ಸವೆದು ಸವೆದು ಉಗುರಿಗಷ್ಟೇ ಸಿಗುವ ಹಾಗೆ ಉಳಿದಿದ್ದವು. ಶಿವಯೋಗಿ ಕರಿ ಗುಂಡನ್ನು ಕೋಲಿಗೆ ಹಾಕಿ ನೋಡಿದ. ಬೋಲ್ಟಿಗೂ ಅದಕ್ಕೂ ಒಂದು ನೂಲಿನಷ್ಟು ವ್ಯತ್ಯಾಸ. ರೋಜಾ ಸೆರಗಿನ ತುದಿಯಿಂದ ಒಂದು ದಾರ ಕಿತ್ತು ಕೊಟ್ಟಳು. ಸುತ್ತಿ ತಿರುಗಿಸಿದ ಮೇಲೆ ಗಟ್ಟಿಯಾಗಿ ಕೂತಿತು. ಮರದ ಗುಂಡು ಕಾರಿನ ಗೇರ್ ರಾಡಿನ ಮೇಲೇರಿತು, ಮುದುಕನ ಗೂಟವೂ ಖಾಲಿ ಉಳಿಯಲಿಲ್ಲ.

ಗುತ್ಯಪ್ಪ ಕಾರಿನೊಳಗೆ ಇಳಿಯುವುದೇ ಒಂದು ಸಾಹಸವಾಯಿತು. ರೋಜಾ ಒಂದು ಕಡೆ ಹಿಡಿದಳು, ಶಿವಯೋಗಿ ಕಾಲೆತ್ತಿ ಒಳಗಿಟ್ಟ. ಕೂತ ಮೇಲೆ ಮಾತ್ರ ಅವನು ಯಾರನ್ನೂ ಕೇಳಲಿಲ್ಲ. ಬಲಗೈ ಸ್ಟೇರಿಂಗಿಗೆ ಹೋಯಿತು, ಎಡಗೈ ತಾನಾಗಿ ಮರದ ಗುಂಡಿನ ಮೇಲೆ ಹೋಗಿ ಕೂತಿತು. ಕಣ್ಣು ಮುಚ್ಚಿ ಗೇರನ್ನು ಒಂದಕ್ಕೆ ತಳ್ಳಿದ, ಎರಡಕ್ಕೆ ಎಳೆದ, ಮತ್ತೆ ನಡುವಿಗೆ ತಂದ.

"ಇದೇ ಗಾಡಿ," ಅಂದ.

ಶಿವಯೋಗಿ ಓಡಿ ಬಂದು ಪಕ್ಕದ ಬಾಗಿಲು ತೆರೆದು ಕೂತ. ಅಷ್ಟು ವರ್ಷ ಕಾಯಿಸಿದ ಸೀಟು ಅದು. ಕೂತರೆ ಇಷ್ಟು ತಗ್ಗಿನಲ್ಲಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಚಿಕ್ಕವನಾಗಿಬಿಟ್ಟ ಹಾಗೆ ಅನ್ನಿಸಿತು.

ಎಂಜಿನ್ ಎದ್ದಿತು. ಕಾರು ಗ್ಯಾರೇಜಿನ ಅಂಗಳ ದಾಟಿ, ಹುಣಸೆಮರದ ನೆರಳಿಗೆ ಬಂದು, ಶಿರಾಳಕೊಪ್ಪದ ರಸ್ತೆಯ ಅಂಚಿನಲ್ಲಿ ನಿಂತಿತು. ಮುಂದಕ್ಕೆ ಹೋಗುವ ಆಸೆ ಗುತ್ಯಪ್ಪನಿಗಿತ್ತು, ಕಾಲಿಗಿರಲಿಲ್ಲ. ಅವನು ಖಾಲಿ ರಸ್ತೆಯನ್ನೇ ನೋಡುತ್ತಾ ಎರಡು ಸಲ ಹಾರ್ನ್ ಒತ್ತಿದ.

"ಯಾರಿಗಪ್ಪಾ? ರಸ್ತೆಯಾಗೆ ಯಾರೂ ಇಲ್ಲಲ್ಲ," ಅಂದ ಶಿವಯೋಗಿ.

"ಇರ್ತಿದ್ದ ಒಬ್ಬ," ಅಂದ ಗುತ್ಯಪ್ಪ. "ತಾಳಗುಂದದ ಹತ್ರ, ಬದುವಿಂದ ಓಡಿ ಬಂದು ನಿಂತಿರ್ತಿದ್ದ. ಪ್ರತಿ ಸಲಾನೂ ನಿಲ್ಲಿಸಬೇಕು ಅಂತ ಬ್ರೇಕ್ ಮೇಲೆ ಕಾಲಿಡ್ತಿದ್ದೆ. ಒಂದು ದಿನಾನೂ ನಿಲ್ಲಿಸಾಕೆ ಆಗ್ಲಿಲ್ಲ ನೋಡು."